ಸಾಲ ಮಾಡದವನಿಗೆ ಕೆಲಸವಿಲ್ಲ

ಮನುಷ್ಯನಿಗೆ ಹೇಳಿಕೊಳ್ಳಲು ಒಂದಾದರೂ ಹೆಮ್ಮೆ ಬೇಕು. ಕೆಲವರಿಗೆ ಸೈಟಿರುತ್ತದೆ, ಕೆಲವರಿಗೆ ತಲೆಗೂದಲು. ನನಗಿದ್ದದ್ದು ಒಂದೇ: ಯಾರ ಹತ್ತಿರವೂ ಒಂದು ರೂಪಾಯಿ ಸಾಲ ಮಾಡಿದವನಲ್ಲ. ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಇದನ್ನು ನನ್ನ ಬಾಯಿಂದ ಕೇಳದವರಿಲ್ಲ. ಕೇಳಿ ಸಾಕಾದವರು ನನ್ನನ್ನು ಕಂಡೊಡನೆ ಎದುರು ಫುಟ್‌ಪಾತಿಗೆ ದಾಟುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮಪ್ಪ ಹೇಳುತ್ತಿದ್ದರು. ನಾನು ಕಾಲು ಮಡಿಸಿಕೊಂಡೇ ಮಲಗಿದವನು.

ಯಶವಂತಪುರದಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಮಂಡಿಗೆ ಯಜಮಾನರು ಬೀಗ ಹಾಕಿದರು. ಮನೆ ಬಾಡಿಗೆ, ಮಗಳ ಕಾಲೇಜು ಫೀಸು ಬಾಯಿ ಬಿಟ್ಟುಕೊಂಡು ನಿಂತಿದ್ದವು. ಆದರೂ ಬಿ.ಕಾಂ. ಇದೆಯಲ್ಲ ಎಂಬ ಧೈರ್ಯ. ಹೆಬ್ಬಾಳದ ಒಂದು ಕಂಪನಿಯವರು ಸಂದರ್ಶನಕ್ಕೆ ಕರೆದರು. ಎದುರಿಗೆ ಕೂತ ಹುಡುಗ ನನ್ನ ಹಳೇ ಮಾರ್ಕ್ಸ್ ಕಾರ್ಡನ್ನು ಭಕ್ತಿಯಿಂದ ನೋಡಿದ. ಅದರಲ್ಲಿದ್ದ ಅರ್ಧ ವಿಷಯ ನನಗೇ ಮರೆತುಹೋಗಿತ್ತು, ಅವನು ಕೇಳಲಿಲ್ಲ. ಆಮೇಲೆ ಕಂಪ್ಯೂಟರ್ ನೋಡಿ ಮುಖ ಸಣ್ಣಗೆ ಮಾಡಿಕೊಂಡ.

"ಸರ್, ದುಡ್ಡಿನ ಕೆಲ್ಸಕ್ಕೆ ನಾವು ಕ್ರೆಡಿಟ್ ಸ್ಕೋರ್ ನೋಡ್ತೀವಿ. ನಿಮ್ದು ಬರ್ತಾನೇ ಇಲ್ಲ."

"ಹೆಂಗೆ ಬರುತ್ತಪ್ಪ? ನಾನು ಸಾಲಾನೇ ಮಾಡಿಲ್ಲ" ಎಂದೆ, ಎದೆ ಉಬ್ಬಿಸಿ.

"ಅದೇ ಸರ್ ಪ್ರಾಬ್ಲಮ್ಮು. ಸಾಲ ತಗೊಂಡು ಸರಿಯಾಗಿ ಕಟ್ಟಿದ್ರೆ ನಂಬಬಹುದು. ನೀವು ಎಂಥೋರು ಅಂತ ನಮ್ಗೆ ಹೆಂಗ್ ಗೊತ್ತಾಗ್ಬೇಕು?"

ಅಯ್ಯೋ ಶಿವನೇ! ಕಳ್ಳನಲ್ಲ ಅಂತ ತೋರಿಸೋದಕ್ಕೆ ಮೊದಲು ಕದ್ದು ವಾಪಸ್ಸು ಇಡಬೇಕೇ? ಬರುವ ದಾರಿಯಲ್ಲೇ ಕಂತಿನ ಮೇಲೆ ಒಂದು ಮಿಕ್ಸಿ ಕೊಂಡು ಸಾಲಗಾರನಾಗೋಣವೆಂದು ಅಂಗಡಿಗೆ ನುಗ್ಗಿದೆ. "ಎಲ್ಲಿ ಕೆಲ್ಸ ಸರ್?" ಎಂದರು. ಇಲ್ಲ ಎಂದೆ. ಇಲ್ಲ ಎಂದರು. ಮಿಕ್ಸಿಯೂ ಇಲ್ಲದೆ, ಕೆಲಸವೂ ಇಲ್ಲದೆ ಮನೆ ಸೇರಿದೆ.

ಮಗಳು ದಿವ್ಯಾ ತಾನೂ ಮೊಬೈಲಿನಲ್ಲಿ ನನ್ನ ಸ್ಕೋರು ಹುಡುಕಿದಳು. "ಹೌದಪ್ಪ, ನೀವು ಇಲ್ವೇ ಇಲ್ಲ" ಎಂದಳು. ಇದ್ದೂ ಇಲ್ಲದವನಾದೆನಲ್ಲ ಎಂದು ನಾನು ಕುಸಿದು ಕೂತಾಗ, ಅವಳು ತಮಾಷೆಗೆ ಅಮ್ಮನ ಫೋನು ತೆಗೆದುಕೊಂಡಳು.

"ಬೇಡ ಕಣೇ, ಇಡು ಅದನ್ನ!" ಎಂದು ನನ್ನ ಹೆಂಡತಿ ಸರೋಜ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. ಅಷ್ಟರಲ್ಲಿ ಸ್ಕೋರು ಬಂದೇಬಿಟ್ಟಿತ್ತು.

"ಒಂಬೈನೂರಕ್ಕೆ ಎಂಟ್ನೂರರ ಹತ್ರ ಇದೆ! ಅಮ್ಮ, ಎಷ್ಟ್ ಸಲ ಗೋಲ್ಡ್ ಲೋನ್ ತಗೊಂಡಿದೀಯ?"

ಸರೋಜ ಸೆರಗಿಗೆ ಕೈ ಒರೆಸಿಕೊಂಡಳು. "ಇನ್ನೇನ್ರೀ ಮಾಡ್ಲಿ? ನಿಮ್ ಸಂಬಳ ತಿಂಗಳ ಕೊನೇವರ್ಗೂ ಬರ್ತಿತ್ತಾ? ಇವಳ ಫೀಸು, ನಿಮ್ಮಮ್ಮನ ಆಸ್ಪತ್ರೆ... ಬಳೆ ಇಟ್ಟೆ, ಬಟ್ಟೆ ಹೊಲ್ದು ಬಿಡಿಸ್ದೆ, ಮತ್ತೆ ಇಟ್ಟೆ. ನಿಮ್ಗೆ ಹೇಳಿದ್ರೆ, ಪಾಪ, ನೀವು ಬೀದೀಲಿ ಏನಂತ ಹೇಳ್ಕೊಂಡು ಓಡಾಡ್ತಿದ್ರಿ?"

ಚಿನ್ನದ ಬಳೆ ಹಾಕಿದರೆ ಕೈ ಕಡಿಯುತ್ತದೆ ಎಂದು ಅವಳು ಹೇಳಿದ್ದನ್ನು ನಾನು ನಂಬಿದ್ದೆ. ಡಾಕ್ಟರಿಗೆ ತೋರಿಸು ಎಂದು ಬೈದೂ ಇದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಒಂದು ನೌಕರಿಗೆ ಬೇಕಾದದ್ದೆಲ್ಲ ನಮ್ಮ ಮನೆಯಲ್ಲಿತ್ತು: ಡಿಗ್ರಿ ನನ್ನದು, ಸ್ಕೋರು ಅವಳದು. ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟ ಅವಳನ್ನು ಕಂಪನಿಯವರು ಒಳಗೂ ಬಿಡುವುದಿಲ್ಲ.

"ಈ ತಿಂಗಳ ಬಾಡಿಗೆಗೆ ಏನೇ ಮಾಡೋದು?" ಎಂದೆ, ಮೆಲ್ಲಗೆ.

"ಬಳೆ ಈಗ ಮನೇಲೇ ಇದೆ. ನಡೀರಿ, ಈ ಸಲ ನಿಮ್ ಹೆಸರಲ್ಲೇ ಇಡೋಣ. ಚಿನ್ನ ಕೊಟ್ರೆ ಎಲ್ಲಿ ಕೆಲ್ಸ ಅಂತ ಯಾರೂ ಕೇಳಲ್ಲ. ನಿಮ್ಗೂ ಒಂದ್ ಸ್ಕೋರ್ ಬರ್ಲಿ."

ಬಳೆಯ ಡಬ್ಬಿ ಹಿಡಿದು ಅವಳ ಹಿಂದೆ ಹೊರಟೆ. ತಿರುವಿನಲ್ಲಿ ಪಕ್ಕದ ಮನೆಯವರು ಎದುರಾಗಿ, "ಏನ್ ಸಮಾಚಾರ ಸಾರ್, ಎಲ್ಲಿಗೆ ಹೊರಟ್ರಿ?" ಎಂದರು. ಈ ಸಲ ಎದುರು ಫುಟ್‌ಪಾತಿಗೆ ದಾಟಿದವನು ನಾನು.