ಲಟ್ಟಣಿಗೆ ಲಾಂಛನ ವಿಜಯ

ಕೇಳಿರಿ, ಓ ಮತದಾರಕುಲತಿಲಕರಿರಾ! ಗೋಡೆಗೋಡೆಗಳಲ್ಲಿ ಕೈಮುಗಿದ ಮುಖಗಳು ಮೊಳೆಯುವ, ಕಂಬಕಂಬಗಳಿಗೆ ಭರವಸೆಗಳು ಜೋತುಬೀಳುವ ಪುರಸಭಾಚುನಾವಣಾಪರ್ವಕಾಲದಲ್ಲಿ, ಗಜೇಂದ್ರಗಡವೆಂಬ ಕೋಟೆಯ ಊರಿನಲ್ಲಿ, ಮೌಸಪಾಣಿಯೂ ಸಹಸ್ರಬ್ಯಾನರಜನಕನೂ ವರ್ಣಸಂಯೋಜನಾಧುರಂಧರನೂ ಆದ ಮೃತ್ಯುಂಜಯ ಹಿತ್ತಲಮನಿ ಎಂಬ ಡಿಸೈನರ್ ಇದ್ದನು. (ಸಮಾಸಗಳು ಇನ್ನೂ ಇದ್ದವು; ಹೇಳುವವನಿಗೇ ಉಸಿರು ಕಟ್ಟಿದ್ದರಿಂದ ಬಿಟ್ಟಿದ್ದೇನೆ.) ಬೋಳುತಲೆಗಳಿಗೆ ಕೂದಲು ಕರುಣಿಸಿದವನು, ಗತಿಸಿದ ಧುರೀಣರನ್ನು ಮೋಡಗಳ ನಡುವಿನಿಂದ ನಗಿಸಿದವನು, ಇಡೀ ಓಣಿಯ ಮರಿಪುಢಾರಿಗಳನ್ನು ಒಂದೇ ಫ್ಲೆಕ್ಸಿನಲ್ಲಿ ದ್ರಾಕ್ಷಿಗೊಂಚಲಿನಂತೆ ತೂಗುಹಾಕಿದವನು ಅವನೇ. ಊರಿಗೆ ಊರೇ ಅವನ ಕಲೆಗೆ ತಲೆಬಾಗಿತ್ತು. ಬಾಗದೆ ಉಳಿದ ತಲೆ ಒಂದೇ. ಅದು ಅವನ ಅತ್ತೆ ನೀಲಗಂಗವ್ವನದು.

ಮಗಳ ಮದುವೆಯಾದಂದಿನಿಂದ ಆಕೆ ಮನೆಗೆ ಬಂದವರಿಗೆಲ್ಲ ಅವನ ಪರಿಚಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: "ನಮ್ಮ ಅಳಿಯಾರು ಫೋಟೋ ಅಂಟಸ್ತಾರ." ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಮ್ಮ ಈ ವೀರನ ಮುಖ ಹುಳ್ಳಗಾಗುತ್ತಿತ್ತು. ತಾನು ಚಿತ್ರ ಬರೆಯುವವನು ಎಂದು ಆ ಬಾಯಿಂದ ಒಮ್ಮೆ ಹೊರಟರೆ ಸಾಕು, ಹುಟ್ಟಿದ್ದು ಸಾರ್ಥಕ ಎಂದು ಅವನು ನಿಜವಾಗಿಯೂ ಹಂಬಲಿಸುತ್ತಿದ್ದನು.

ಹಂಬಲಕ್ಕೆ ದಾರಿ ತೆರೆಯಿತು. ನೀಲಗಂಗವ್ವ ತಮ್ಮ ವಾರ್ಡಿನಿಂದ ಪಕ್ಷೇತರ ಅಭ್ಯರ್ಥಿಯಾಗಿ ನಿಂತಳು; ಚುನಾವಣಾ ಕಚೇರಿ ಆಕೆಗೆ ಲಟ್ಟಣಿಗೆ-ಮಣೆಯ ಗುರುತನ್ನು ಹಂಚಿತು; ಎದುರಾಳಿಗೆ ಛತ್ರಿ ಸಿಕ್ಕಿತು. ಆ ಲಟ್ಟಣಿಗೆಯನ್ನು ಲೋಕ ಬೆರಗಾಗುವ ಲಾಂಛನವಾಗಿಸುವ ಭಾರ ಅಳಿಯನ ಹೆಗಲೇರಿತು.

"ಎಲೈ ಶಶಿಕಲೆ, ಕೇಳು!" ಎಂದು ಅವನು ಹೆಂಡತಿಯೆದುರು ಗರ್ಜಿಸಿದನು. "ಈ ಲಟ್ಟಣಿಗೆಯನ್ನು ವಜ್ರಖಚಿತ ಗದೆಯನ್ನಾಗಿ ಮಾಡದಿದ್ದರೆ, ಈ ಮಣೆಯನ್ನು ದಿಕ್ಕುದಿಕ್ಕಿಗೆ ಕಿಡಿಯುಗುಳುವ ಚಕ್ರಾಯುಧವನ್ನಾಗಿ ತಿರುಗಿಸದಿದ್ದರೆ, ಪ್ರಚಾರದ ಆಟೋ ಬೀದಿಗಿಳಿದೊಡನೆ ವೈರಿಯ ಛತ್ರಿ ತನ್ನಷ್ಟಕ್ಕೆ ತಾನೇ ಮಡಚಿಕೊಳ್ಳದಿದ್ದರೆ, ನಾನಿನ್ನು ಮೌಸನ್ನು ಮುಟ್ಟೆನು!"

"ಚಾ ಆರಾಕತ್ತೇತಿ. ಮೊದ್ಲ ಕುಡೀರಿ," ಎಂದಳು ಶಶಿಕಲಾ.

ಕುಡಿದನು. ಕುಡಿದು ಕುಳಿತವನು ಊಟ ನಿದ್ದೆ ಮರೆತು ದುಡಿದನು. ಕೊನೆಗೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಹೆಂಡತಿಯೊಡನೆ ಅತ್ತೆಯ ಪಡಸಾಲೆಗೆ ದಂಡೆತ್ತಿ ಹೋದನು. ಪರದೆ ತೆರೆಯಿತು. ಆಹಾ! ಹಿಂದೆ ಸಹಸ್ರಕಿರಣದ ಉದಯಸೂರ್ಯ, ಮುಂದೆ ಆಕಾಶಕ್ಕೆ ನೆಗೆದ ಬಂಗಾರದ ಲಟ್ಟಣಿಗೆ, ಎಡಬಲಕ್ಕೆ ಬಿಳಿಜೋಳದ ತೆನೆ, ನಟ್ಟನಡುವೆ ಮಣೆಯ ಮೇಲೆ ಹುಣ್ಣಿಮೆಯ ಚಂದ್ರನಂಥ ದುಂಡನೆಯ ರೊಟ್ಟಿ!

ನೀಲಗಂಗವ್ವ ಚಾಳೀಸು ಕನ್ನಡಕ ಏರಿಸಿಕೊಂಡು ನೋಡಿದಳು.

"ಬಿಸಲು ಭಾಳ ಆತಲ್ರಿ ಅಳಿಯಾರ," ಎಂದಳು. "ಇಷ್ಟ ಬಿಸಲು ಕಂಡ ಮಂದಿಗೆ ಛತ್ರೀನ ನೆನಪಾಕ್ಕತಿ. ಅವರ ಪ್ರಚಾರ ನಾವ ಮಾಡಿದಂಗ."

ಸೂರ್ಯ ನಡುಹಗಲಲ್ಲೇ ಮುಳುಗಿದನು.

"ಲಟ್ಟಣಗಿ ಯಾಕ ಹಿಂಗ ಮ್ಯಾಲ ಎತ್ತಿ ಹಿಡದೀರಿ? ಗಂಡಸರು ಹೆದರಿ ಮನಿ ಬಿಟ್ಟ ಹೊರಗ ಬರಂಗಿಲ್ಲ. ಅಡ್ಡ ಮಲಗಸ್ರಿ. ಮತ್ತ ಆ ಬಣ್ಣಾ ತಗೀರಿ, ಓಟಿನ ಮಿಷನ್ನಿನ್ಯಾಗ ಕರೇದ ಇರ್ತೇತಿ. ತೆನಿ ಯಾಕ? ನಾ ಏನ ಹೊಲದಾಗ ಹಕ್ಕಿ ಹೊಡ್ಯಾಕ ನಿಂತೇನೇನು?"

ಗದೆ ಮಲಗಿತು, ಬಂಗಾರ ಕರಗಿತು, ತೆನೆಗಳು ಕೊಯ್ಲಾದವು. ವೀರನು ಹಲ್ಲು ಕಚ್ಚಿ ಎಲ್ಲವನ್ನೂ ಸಹಿಸಿದನು. ಆದರೆ ಆಕೆಯ ಬೆರಳು ರೊಟ್ಟಿಯತ್ತ ಸರಿದಾಗ ಅವನು ಎದ್ದು ನಿಂತನು.

"ಅತ್ತಿಯಾರ, ಕೈ ಮುಗೀತೀನಿ, ಅದೊಂದ ಬಿಡ್ರಿ. ಇಡೀ ಚಿತ್ರದ ಜೀವಾ ಅದರಾಗ ಐತಿ!"

"ಜೀವಾ ಅಲ್ರಿ, ನನ್ನ ಮರ್ಯಾದಿ ಐತಿ!" ನೀಲಗಂಗವ್ವನೂ ಎದ್ದಳು. "ರೊಟ್ಟಿ ಯಾರರ ಲಟ್ಟಸ್ತಾರೇನ್ರಿ? ರೊಟ್ಟಿ ಕೈಲೆ ಬಡೀತಾರ! ನನ್ನ ಕೈಯಾಗಿನ ರೊಟ್ಟಿ ಅಂದ್ರ ಈ ಓಣಿಗೆಲ್ಲ ಗೊತ್ತು. ಈ ಚಿತ್ರಾ ಹೊರಗ ಹ್ವಾದ್ರ, ನೀಲಗಂಗವ್ವಗ ರೊಟ್ಟಿ ಬಡ್ಯಾಕ ಬರಂಗಿಲ್ಲ, ಲಟ್ಟಿಸಿ ಹಾಕ್ತಾಳ ಅಂತ ಹೆಂಗಸರು ನೀರಿನ ನಳದ ಮುಂದ ನಗ್ತಾರ. ಸೋತರ ಸೋಲ್ತೀನಿ, ಆ ಮಾತ ನಾ ಕೇಳಂಗಿಲ್ಲ."

ಹುಟ್ಟಿದಾಗಿನಿಂದ ರೊಟ್ಟಿ ತಿಂದ ವೀರನಿಗೆ ಅದು ಹೊಳೆದಿರಲಿಲ್ಲ. ಆದರೂ ರಣರಂಗ ಬಿಡಲಿಲ್ಲ.

"ಹಂಗಾದ್ರ ಚಪಾತಿ ಅನ್ನೂಣ್ರಿ."

"ದಿನಾ ಚಪಾತಿ ತಿನ್ನೂ ಸಾಹುಕಾರರು ಅಂತಾರ."

"ಹೋಳಿಗಿ?"

"ಹಬ್ಬಕ್ಕಷ್ಟ ಮಾರಿ ತೋರಸಾಕಿ ಅಂತಾರ."

ಬತ್ತಳಿಕೆ ಬರಿದಾಯಿತು. ತೋರುಬೆರಳನ್ನು ಮುಂದೆ ಚಾಚಿ, ಕಣ್ಣು ಮುಚ್ಚಿ, ಆ ಮಹಾರಥಿಯು ಡಿಲೀಟ್ ಒತ್ತಿದನು. ರೊಟ್ಟಿ ಮಾಯವಾಯಿತು. ಕಪ್ಪು ಗೆರೆಯ ಒಂದು ಮಣೆ, ಅದರ ಮೇಲೆ ಅಡ್ಡಲಾಗಿ ಒಂದು ಲಟ್ಟಣಿಗೆ ಉಳಿದವು.

ನೀಲಗಂಗವ್ವನ ಮುಖ ಅರಳಿತು. ಬಾಗಿಲಿಗೆ ಹೋಗಿ ಪಕ್ಕದ ಮನೆಯ ಗೌರವ್ವನನ್ನು ಕೂಗಿದಳು. "ಬಾರವಾ, ನೋಡ ಬಾ! ನಮ್ಮ ಅಳಿಯಾರು ಹೆಂಥಾ ಚಿತ್ರಾ ತಗದಾರ! ಕೈಯಾಗ ಕಲಾ ಐತಿ ನೋಡ ಅವರಿಗೆ."

ಮೃತ್ಯುಂಜಯನ ಕಣ್ಣಲ್ಲಿ ನೀರಾಡಿತು. ಆಗ ಶಶಿಕಲಾ ಅವನ ಕಿವಿಯ ಹತ್ತಿರ ಬಾಗಿದಳು.

"ಏನ್ರೀ, ಇದು ಚುನಾವಣಿ ಆಫೀಸಿನವರು ಗುರುತಿನ ಜೋಡಿ ಕೊಟ್ಟಿದ್ದ ಚಿತ್ರನ ಅಲ್ಲೇನು?"

ಅದೇ ಆಗಿತ್ತು. ಅದನ್ನೇ ಅಡಿಯಲ್ಲಿ ಹಾಸಿಕೊಂಡು ಅವನು ಮೇಲೆ ತನ್ನ ಬ್ರಹ್ಮಾಂಡವನ್ನೆಲ್ಲ ಪೇರಿಸಿದ್ದನು. ಬ್ರಹ್ಮಾಂಡ ಹೋಗಿ ಸರ್ಕಾರದ ಚಿತ್ರ ಒಂದು ಗೆರೆಯೂ ಆಚೀಚೆಯಾಗದೆ ಉಳಿದಿತ್ತು.

"ಸುಮ್ನಿರ," ಎಂದು ಪಿಸುಗುಟ್ಟಿದನು ವೀರ. ಗೌರವ್ವ ಒಳಗೆ ಬರುವುದರೊಳಗೆ ಚಿತ್ರದ ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ತನ್ನ ಹೆಸರು ಹಾಕಿದನು. ಸ್ವಲ್ಪ ನೋಡಿ, ಅದನ್ನು ಇನ್ನೊಂದಿಷ್ಟು ದೊಡ್ಡದು ಮಾಡಿದನು.