ಬಿಸಿಲು ನುಂಗಿದ ಬಿದಿರು

"ಮೂರೇ ವರ್ಷ! ಆಮೇಲೆ ನಾನು ಸೀನಿದ್ರೂ ಆ ಮಂಚಯ್ಯನಿಗೆ ಗೊತ್ತಾಗಬಾರ್ದು, ಹಂಗ್ ಮಾಡ್ತೀನಿ ನೋಡು!" ಎಂದು ಭುಜಬಲಿ ಹಿತ್ತಲಲ್ಲಿ ನಿಂತು ಘೋಷಿಸಿದಾಗ ಅವನ ಕೈಯಲ್ಲಿದ್ದದ್ದು ಮೂರು ಬಿದಿರಿನ ಸಸಿ. ಒಂದೊಂದೂ ಛತ್ರಿಯ ಕಡ್ಡಿಯಷ್ಟು ದಪ್ಪ.

ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಭುಜಬಲಿಯದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಊಟವಿಲ್ಲ. ಹಾಗಾಗಿ ದಿನಾ ಐದೂವರೆಗೆ ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ಬಂದು, ಹಿತ್ತಲ ಜಗಲಿಯಲ್ಲಿ ಕೂತು ಉಂಡು ಹೋಗುತ್ತಿದ್ದ. ಪಶ್ಚಿಮಕ್ಕಿದ್ದ ಪಕ್ಕದ ಮನೆಯ ಮಂಚಯ್ಯ, ರಿಟೈರ್ಡ್ ಬಸ್ ಕಂಡಕ್ಟರ್, ಅದೇ ಹೊತ್ತಿಗೆ ಸರಿಯಾಗಿ ತಾರಸಿಯ ಮೇಲೆ ಕುರ್ಚಿ ಹಾಕುತ್ತಿದ್ದ. ಮೂವತ್ತು ವರ್ಷ ಪ್ರಯಾಣಿಕರ ಚೀಲ ತಡಕಿದ ಕಣ್ಣು, ತಟ್ಟೆಯನ್ನು ಬಿಟ್ಟೀತೇ?

"ಏನ್ ಸಾವ್ಕಾರ್ರೆ, ಇವತ್ತೂ ಬರೀ ಉಪ್ಪಿಟ್ಟಾ? ಯಾಪಾರ ಡಲ್ಲಾ?"

ಊರಿಗೆಲ್ಲ ಪಾತ್ರೆ ಮಾರುವವನ ತಟ್ಟೆಯಲ್ಲಿ ಏನಿದೆಯೆಂದು ಬೀದಿಗೆಲ್ಲ ಕೇಳಿಸಿದರೆ ಅಂಗಡಿಯ ಮಾನ ಏನಾಗಬೇಕು!

ಹಾಸನದ ನರ್ಸರಿಯವನು ಸಸಿಯ ಜೊತೆಗೆ ಬುದ್ಧಿಯನ್ನೂ ಹೇಳಿ ಕಳಿಸಿದ್ದ: "ಇದು ಬೇರು ಬಿಟ್ಕಂಡು ಊರೆಲ್ಲ ಓಡೋ ಜಾತಿ ಅಲ್ಲ ಸಾ, ನಿಂತ್ ಜಾಗದಲ್ಲೇ ಮೆಳೆ ಕಟ್ತದೆ. ಆದ್ರೆ ಒಂದೊಂದಾಗಿ ಹಳೇ ಗಳ ಕಡ್ದು ತೆಗೀತಾ ಇರಿ. ಗಾಳಿ ಬೆಳಕು ಆಡ್ಬೇಕು."

ಭುಜಬಲಿ ಮೊದಲರ್ಧ ಮಾತ್ರ ಕೊಂಡುಕೊಂಡ. ಸರಕು ತಾನಾಗಿ ಹೆಚ್ಚುತ್ತಿರುವಾಗ ಅದನ್ನು ಕಡಿಮೆ ಮಾಡು ಎನ್ನುವವನು ಎದುರಂಗಡಿಯ ಕಡೆಯವನೇ ಇರಬೇಕು ಎಂಬುದು ಅವನ ನಂಬಿಕೆ. ದಂಡಿಗನಹಳ್ಳಿಯಿಂದ ಕೊಟ್ಟಿಗೆ ಗೊಬ್ಬರ ತರಿಸಿದ. ಬುಡಕ್ಕೆ ಭತ್ತದ ಹೊಟ್ಟು ಹರಡಿದ. ಸ್ನಾನದ ನೀರನ್ನೂ ಅತ್ತಲೇ ತಿರುಗಿಸಿದ. ಮಳೆಗಾಲದಲ್ಲಿ ಕಳಲೆ ಮೊಳೆತರೆ ಹೆರಿಗೆ ವಾರ್ಡಿನ ಮುಂದೆ ನಿಂತವನಂತೆ ಬೆಳಗ್ಗೆ ಎದ್ದು ಎಣಿಸಿದ. ಮೂರನೇ ಮಳೆಗಾಲಕ್ಕೆ ಎರಡು ಮನೆಗಳ ನಡುವೆ ಬಿದಿರು ಕೋಟೆಯಾಯಿತು. ಮಂಚಯ್ಯ ಮಾಯ! ಆ ಮಳೆಗಾಲವಿಡೀ ಭುಜಬಲಿ ಚಕ್ರವರ್ತಿಯಂತೆ ಉಪ್ಪಿಟ್ಟು ತಿಂದ.

ಮೋಡ ಸರಿದ ಮೊದಲ ಸಂಜೆ ಬಂದು ಕೂತರೆ ತಟ್ಟೆ ಇಲ್ಲ.

"ಪದ್ಮಾ, ಊಟ?"

"ಹೊತ್ತು ಮುಳುಗ್ತಲ್ಲ," ಎಂದರು ಹೆಂಡತಿ ಪದ್ಮಾವತಮ್ಮ.

"ಇನ್ನೂ ಐದೂವರೆ ಕಣೇ! ಮೊಬೈಲ್ ನೋಡು, ಸೂರ್ಯ ಮುಳುಗೋದು ಆರರ ಮೇಲೆ!"

"ಗೋಡೆ ಮೇಲಿನ ಬಿಸಿಲು ಹೋದ್ರೆ ತಟ್ಟೆ ಎತ್ತು ಅಂತ ನಿಮ್ಮಮ್ಮ ಹೇಳಿಕೊಟ್ಟಿದ್ದು. ಅತ್ತೆಯವರು ನಂಗೆ ಗೋಡೆ ತೋರ್ಸಿದ್ರು, ಮೊಬೈಲ್ ತೋರ್ಸ್ಲಿಲ್ಲ."

ಭುಜಬಲಿ ಜಗಲಿಯ ಗೋಡೆ ನೋಡಿದ. ಅಲ್ಲಿ ಬಿದಿರಿನ ದಟ್ಟ ನೆರಳು ಹಾಯಾಗಿ ಮಲಗಿತ್ತು. ಮೋಡದ ದಿನಕ್ಕೆ ಅಮ್ಮ ರಿಯಾಯಿತಿ ಕೊಟ್ಟಿದ್ದಳು. ಬಿದಿರಿಗೆ ಕೊಟ್ಟಿರಲಿಲ್ಲ.

"ನೀನು ಉಂಡ್ಯಾ?"

"ನಾಲ್ಕು ಗಂಟೆಗೇ ಆಯ್ತು. ಬಿಸಿಲಿತ್ತು."

ಮರುದಿನ ನಾಲ್ಕಕ್ಕೇ ಅಂಗಡಿಯಿಂದ ಹೊರಟ. ಹಳ್ಳಿಯ ಮದುವೆ ಮನೆಯವರು ಕೊಳಗ ಕೊಳ್ಳಲು ಬಂದು ಕೂತರು. ಎಲ್ಲವನ್ನೂ ತಟ್ಟಿ ನೋಡಿ ಎದ್ದಾಗ ನಾಲ್ಕೂಮುಕ್ಕಾಲು. ಮನೆಗೆ ಬರುವಷ್ಟರಲ್ಲಿ ಗೋಡೆಯ ಬಿಸಿಲು ಹೋಗಿತ್ತು. ಆ ರಾತ್ರಿಯೂ ಉಪವಾಸ! ಮೂರನೇ ದಿನ ಅಂಗಡಿಗೆ ರಜೆ ಹಾಕಿ, ಮಚ್ಚು ಹಿಡಿದು, ಸಂಸಾರದ ಅನ್ನಕ್ಕೆ ಅಡ್ಡ ಬಂದವರನ್ನು ಬಿಡೆನೆಂಬ ಠೀವಿಯಲ್ಲಿ ಹಿತ್ತಲಿಗೆ ಇಳಿದ.

"ನಿಲ್ಲಿ!" ಪದ್ಮಾವತಮ್ಮ ಬಾಗಿಲಿಂದಲೇ ತಡೆದರು. "ಮೆಳೆಯೊಳಗೆ ಹಕ್ಕಿಗೂಡಿದೆ. ನಾಲ್ಕು ಮರಿ. ಅದೇನ್ ಕೈಯಲ್ಲಿ ಮಚ್ಚು?"

ಹಿಂಸೆ ಎಂಬ ಮಾತನ್ನು ಅವರು ಆಡಲೇ ಇಲ್ಲ. ಮಚ್ಚು ತಾನಾಗಿ ಕೆಳಗಿಳಿಯಿತು.

"ಅವು ಹಾರೋದ್ಯಾವಾಗ?"

"ನೀವೇ ಕೇಳಿ."

ಮರಿಗಳು ಕೊಕ್ಕು ತೆರೆದು ಚೀರಿದವು. ತಾಯಿ ಹಕ್ಕಿ ತುತ್ತು ಹೊತ್ತು ಬಂತು. ಈ ಮನೆಯಲ್ಲಿ ಸಂಜೆ ಐದೂವರೆಗೆ ಊಟ ಸಿಗುತ್ತಿದ್ದದ್ದು ಆ ನಾಲ್ವರಿಗೆ ಮಾತ್ರ!

ನಾಲ್ಕನೇ ಸಂಜೆ ಹೊಟ್ಟೆ ಹಿಡಿದು ಬಂದವನ ಕೈಗೆ ಪದ್ಮಾವತಮ್ಮ ಮುಚ್ಚಿದ ತಟ್ಟೆ ಇಟ್ಟರು.

"ಮಂಚಯ್ಯನವರ ತಾರಸಿ ಗೋಡೆ ಮೇಲೆ ಬಿಸಿಲು ಚೆನ್ನಾಗಿದೆ. ಹೋಗಿ ಉಣ್ಣಿ."

"ಅವನ ಮನೇಲಾ!"

"ಗೋಡೆ ಯಾರ್ದಾಗಿರ್ಬೇಕು ಅಂತ ಅತ್ತೆಯವರು ಹೇಳ್ಲಿಲ್ಲ."

ಮಾನಕ್ಕೂ ಹೊಟ್ಟೆಗೂ ಬಾಗಿಲಲ್ಲೇ ಒಂದು ಕ್ಷಣ ಚೌಕಾಸಿ ನಡೆಯಿತು. ಹೊಟ್ಟೆ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಪಾತ್ರೆ ಅಂಗಡಿ ಸಾಹುಕಾರ ತಟ್ಟೆ ಹಿಡಿದು ಹಾಡಹಗಲೇ ಬೀದಿ ಸುತ್ತಿ, ಪಕ್ಕದ ಮನೆಯ ಮೆಟ್ಟಿಲು ಹತ್ತಿದ. ತಾರಸಿಯ ಮೇಲೆ ಎರಡನೇ ಕುರ್ಚಿ ಮೊದಲೇ ಸಿದ್ಧವಾಗಿತ್ತು.

"ಬನ್ನಿ ಸಾವ್ಕಾರ್ರೆ, ಮೂರ್ ದಿನದಿಂದ ಬಿಸಿಲು ಕಾಯ್ತಾ ಐತೆ," ಎಂದ ಮಂಚಯ್ಯ. ಭುಜಬಲಿ ಮುಚ್ಚಳ ತೆಗೆದ. ಮಂಚಯ್ಯ ಕನ್ನಡಕ ಏರಿಸಿ, ಟಿಕೆಟ್ ನೋಡುವವನಂತೆ ತಟ್ಟೆಗೆ ಬಗ್ಗಿದ. ಬಹಳ ಹೊತ್ತು ನೋಡಿದ. ಮುಖ ಸಪ್ಪಗಾಯಿತು.

"ತಪ್ಪಾಯ್ತು ಕಣ್ರೀ. ಉಪ್ಪಿಟ್ಟಿಗೆ ಇಷ್ಟೊಂದು ಗೋಡಂಬಿ ಆಕ್ತೀರಾ? ನಮ್ಮ ತಾರಸಿಯಿಂದ ಕಾಣ್ತಿರ್ನಿಲ್ಲ. ಮೂರ್ ವರ್ಸ ಬಿದಿರು ಬೆಳ್ಸೋ ಬದ್ಲು, ಒಂದಿನ ತಟ್ಟೆ ತಕಂಡ್ ಬಂದು ತೋರ್ಸಿದ್ರೆ ಆಗೋಗ್ತಿತ್ತಲ್ಲ!"