ತಂತಿ ಇಳಿಯುವುದಿಲ್ಲ ಎಂದು ವಾದಿಸಿ ಗೆದ್ದದ್ದು

ವಾದದಲ್ಲಿ ಗೆಲ್ಲುವುದು ಎಷ್ಟು ದಣಿವಿನ ಕೆಲಸವೆಂದು ಸೋತವರಿಗೆ ಗೊತ್ತಾಗುವುದಿಲ್ಲ. ಸೋತವರು ಕೈ ಕೊಡವಿಕೊಂಡು ಮನೆಗೆ ಹೋಗಿ ಉಂಡು ಮಲಗುತ್ತಾರೆ. ಗೆದ್ದವರು ಮಾತ್ರ ತಾವು ಆಡಿದ ಮಾತಿನ ಜೊತೆ ಬಾಳುವೆ ಮಾಡಬೇಕು. ಕಾಲೇಜಿನ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ವಿಷಯದ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು. ನನ್ನ ದೃಢವಾದ ನಂಬಿಕೆ ಯಾವುದೆಂದು ನನಗೂ ಆಗಲೇ ತಿಳಿಯುತ್ತಿತ್ತು. ಸಮಯ ಮುಗಿಯಿತೆಂದು ಗಂಟೆ ಬಾರಿಸಿದ ಮೇಲೂ ಇನ್ನೆರಡು ಅಂಶ ತುರುಕುವುದರಲ್ಲಿ ನನ್ನದು ಎತ್ತಿದ ಕೈ. ಹೀಗೆ ಗೆದ್ದ ಕಪ್ಪುಗಳಲ್ಲಿ ಒಂದರಲ್ಲಿ ಅಮ್ಮ ಈಗ ಹುಣಸೆಹಣ್ಣು ಇಟ್ಟಿದ್ದಾಳೆ, ಇನ್ನೊಂದರಲ್ಲಿ ಸೇಫ್ಟಿ ಪಿನ್ನು. "ಇಷ್ಟುದ್ದ ನಾಲಿಗೆ ಇರೋಳನ್ನ ಯಾರೇ ಕೆಲಸಕ್ಕೆ ಇಟ್ಕೋತಾರೆ" ಎನ್ನುತ್ತಿದ್ದಳು. ಇಟ್ಟುಕೊಂಡರು.

ಇಟ್ಟುಕೊಂಡವರು ಪೀಣ್ಯದ ನಂಜುಂಡಯ್ಯ ಸಾರ್. ಕಾರ್ಖಾನೆಗಳಿಗೆ ದೊಡ್ಡ ಟವರುಗಳ ಮೇಲೆ ವಿದ್ಯುತ್ ತಂತಿ ಎಳೆದುಕೊಡುವ ಸಣ್ಣ ಸಂಸ್ಥೆ ಅವರದು. ಆಫೀಸಿನ ಕೆಳಗಿನ ಮಹಡಿಯಲ್ಲಿ ದಿನವಿಡೀ ಲೇತ್ ಕಿರುಚುತ್ತಿರುವುದರಿಂದ ನಮ್ಮಲ್ಲಿ ಗಟ್ಟಿ ದನಿಯವರ ಮಾತಷ್ಟೇ ಕೇಳಿಸುತ್ತದೆ. ನಾನು ಬೇಗ ಬಡ್ತಿ ಪಡೆದದ್ದಕ್ಕೆ ಅದೂ ಒಂದು ಕಾರಣವಿರಬೇಕು. ಹೋದ ಬೇಸಿಗೆಯಲ್ಲಿ ಒಂದು ಕಾರ್ಖಾನೆಯವರು ಹೊಸ ಯಂತ್ರಗಳನ್ನು ತರಿಸಿದರು. ಯಂತ್ರ ಹೆಚ್ಚಿದರೆ ಕರೆಂಟು ಹೆಚ್ಚು ಹರಿಯುತ್ತದೆ, ಕರೆಂಟು ಹೆಚ್ಚಾದರೆ ತಂತಿ ಬಿಸಿಯಾಗಿ ಹಿಗ್ಗುತ್ತದೆ, ಹಿಗ್ಗಿದ ತಂತಿ ಕೆಳಗೆ ಜೋಲುತ್ತದೆ. ಟವರುಗಳನ್ನು ಮುಟ್ಟುವಂತಿಲ್ಲ, ತಂತಿಯನ್ನು ಮಾತ್ರ ಬದಲಿಸಬೇಕು. ಯಾವ ತಂತಿ ಎಂದು ಆರಿಸುವ ಕೆಲಸ ನನಗೆ ಬಂತು.

ಕೇಳಿದವರೆಲ್ಲ ಮೊದಲು ಹೇಳುವುದು ತಾಮ್ರ. ಅದರ ಭಾರವನ್ನು ಟವರು ತಡೆಯದು ಎಂಬುದು ಪುಸ್ತಕದ ಉತ್ತರ. ಈ ತುದಿಯಿಂದ ಎಳೆಯುತ್ತಾ ಹೋದರೆ ಆ ತುದಿಯಿಂದ ಗುಜರಿ ಸೇರುತ್ತಾ ಬರುತ್ತದೆ ಎಂಬುದು ಅನುಭವದ ಉತ್ತರ. ಈಗಿರುವುದು ಉಕ್ಕಿನ ಎಳೆಯ ಸುತ್ತ ಅಲ್ಯೂಮಿನಿಯಂ ಹೆಣೆದ ತಂತಿ. ಇದರ ಅಳತೆಗಳಿಗೆ ಯಾರೋ ಪ್ರಾಣಿಗಳ ಹೆಸರಿಟ್ಟಿದ್ದಾರೆ. ನಮ್ಮ ಟವರಿನ ಮೇಲಿದ್ದದ್ದು ಡಾಗ್. ಅದಕ್ಕಿಂತ ದಪ್ಪನೆಯ ಪ್ಯಾಂಥರ್ ಹಾಕಿದರೆ ಮತ್ತೆ ಭಾರದ ತಕರಾರು. ಕೊನೆಗೆ ಉಳಿದದ್ದು ಎರಡು. ಒಂದು, ಬರೀ ಮಿಶ್ರಲೋಹದ್ದು. ಹಗುರ, ಅಗ್ಗ, ಆದರೆ ಬಿಸಿಯಾದರೆ ಇದೂ ಜೋಲುತ್ತದೆ. ಇನ್ನೊಂದರ ಒಳಗಿನ ಎಳೆ ಎಷ್ಟು ಕಾದರೂ ಹೆಚ್ಚು ಹಿಗ್ಗುವುದಿಲ್ಲ. ಅದರ ಬೆಲೆ ಕೇಳಿದರೆ ಹಿಗ್ಗುವುದು ನಮ್ಮ ರಕ್ತನಾಳ.

ಎಷ್ಟು ಜೋಲಿದರೆ ನಡೆಯುತ್ತದೆ ಎಂದು ತಿಳಿಯಲು ಜಾಗ ನೋಡಬೇಕಿತ್ತು. ಒಂದು ಬುಧವಾರ ಮಧ್ಯಾಹ್ನ ನಮ್ಮ ಲೈನ್ ಕೆಲಸದ ಮೇಸ್ತ್ರಿ, ಕೊಪ್ಪಳದ ಹನುಮಪ್ಪನನ್ನು ಕರೆದುಕೊಂಡು ಹೊರಟೆ. ಎರಡು ಟವರುಗಳ ನಟ್ಟನಡುವೆ ಗಂಗಮ್ಮನ ಕೊಟ್ಟಿಗೆ. ಆಕೆಯ ಹೊಲದಲ್ಲೆಲ್ಲ ಮಕ್ಕಳು ಬಾಡಿಗೆ ಕಟ್ಟಡ ಎಬ್ಬಿಸಿದ್ದಾರೆ. ತಂತಿಯ ಕೆಳಗೆ ಕಟ್ಟಡ ಕಟ್ಟುವಂತಿಲ್ಲವಾದ್ದರಿಂದ ಅಷ್ಟು ಪಟ್ಟಿ ನೆಲ ಎರಡು ಹಸುಗಳಿಗೆ ಉಳಿದಿದೆ. ನಾನು ಉಪಕರಣ ಹಿಡಿದು ತಂತಿಯ ಎತ್ತರ ಅಳೆಯುತ್ತಿದ್ದಾಗ ಗಂಗಮ್ಮ ಹುಲ್ಲು ಹಾಕುತ್ತಲೇ ಹೇಳಿದಳು:

"ಇವತ್ತು ಅಳೆದ್ರೆ ಏನ್ ಗೊತ್ತಾಯ್ತದೆ ಕಣವ್ವ. ಇವತ್ತು ಪ್ಯಾಕ್ಟ್ರಿ ರಜ, ತಂತಿ ತಣ್ಣಗೆ ಮೇಲೈತೆ. ನಾಳೆ ಮೂರು ಗಂಟೆಗೆ, ಅಸ ಆಲು ಕರಿಯೋ ಒತ್ತಿಗೆ ಬಾ. ಆ ಬೇವಿನ ಕವಲು ತಂಕ ಇಳೀತದೆ."

ಪೀಣ್ಯದಲ್ಲಿ ವಾರದ ರಜೆ ಒಬ್ಬೊಬ್ಬರಿಗೆ ಒಂದೊಂದು ದಿನ. ಈ ಕಾರ್ಖಾನೆಗೆ ಬುಧವಾರವೇ ಎಂದು ನಾನು ವಿಚಾರಿಸಿರಲಿಲ್ಲ. ಆದರೆ ವಿಚಾರಿಸಿರಲಿಲ್ಲ ಎಂದು ಒಪ್ಪಿಕೊಳ್ಳುವುದು ಸ್ಪರ್ಧೆಯ ನಿಯಮಗಳಲ್ಲಿಲ್ಲ. "ಅಕ್ಕ, ಅದು ಕಣ್ಣಿನ ಭ್ರಮೆ" ಎಂದು ಶುರುಮಾಡಿದೆ. ಒಂದು, ಅಷ್ಟು ಎತ್ತರದ ವಸ್ತುವನ್ನು ಬರಿಗಣ್ಣು ಅಳೆಯಲಾರದು. ಎರಡು, ನೋಡುವವರು ದಿನಾ ಒಂದೇ ಜಾಗದಲ್ಲಿ ನಿಂತಿರುವುದಿಲ್ಲ. ಮೂರು, ಮರ ಬೆಳೆಯುತ್ತದೆ, ತಂತಿ ಇಳಿದ ಹಾಗೆ ಕಾಣುತ್ತದೆ.

"ಬುದವಾರ ಮಾತ್ರ ಮರ ಕುಳ್ಳಾಯ್ತದಾ?" ಎಂದಳು ಗಂಗಮ್ಮ.

ಪ್ರಶ್ನೆ ಚೆನ್ನಾಗಿತ್ತು. ಆದ್ದರಿಂದಲೇ ಅದಕ್ಕೆ ಉತ್ತರಿಸದೆ ನಾಲ್ಕನೆಯ ಅಂಶಕ್ಕೆ ಹೋದೆ. ಏಳನೆಯದಕ್ಕೆ ಬರುವ ಹೊತ್ತಿಗೆ ಆಕೆ "ಆಯ್ತು ಬಿಡವ್ವ" ಎಂದು ಒಳಗೆ ಹೋದಳು. ಹನುಮಪ್ಪ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ನಾನು ಗೆದ್ದೆನೆಂದು ಬರೆದುಕೊಂಡೆ.

ಶನಿವಾರದ ಮೀಟಿಂಗಿನಲ್ಲೂ ಗೆದ್ದೆ. ಕೊಟ್ಟಿಗೆಗೂ ತಂತಿಗೂ ನಡುವೆ ಧಾರಾಳವಾಗಿ ಜಾಗವಿದೆ, ಮಿಶ್ರಲೋಹವೇ ಸಾಕು ಎಂದು ಸಾಧಿಸಿದೆ. ಗಂಗಮ್ಮನ ಮಾತನ್ನೂ ಪ್ರಾಮಾಣಿಕವಾಗಿ ಎತ್ತಿ, ಏಳೂ ಅಂಶಗಳಿಂದ ಕೆಡವಿದೆ. "ನೀನು ಲಾಯರ್ ಆಗ್ಬೇಕಿತ್ತಮ್ಮ" ಎನ್ನುತ್ತಾ ನಂಜುಂಡಯ್ಯ ಸಾರ್ ಎಲ್ಲವನ್ನೂ ತಮ್ಮ ಡೈರಿಯಲ್ಲಿ ಗುರುತು ಹಾಕಿಕೊಂಡರು.

ಮುಂದಿನ ವಾರ ಹನುಮಪ್ಪನ ಫೋನು. "ಮೇಡಂರ, ಕರೆಂಟ್ ಇಲಾಖಿ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದ್ ಅಳದ್ ಹೋದ್ರು. ಕೊಟ್ಟಿಗಿ ಕಂಬಕ್ಕ ಕೆಂಪ್ ಬಣ್ಣ ಹಚ್ಯಾರ್ರಿ. ಹೊಸ ತಂತಿನೂ ಹಿಂಗ ಇಳಿದ್ರ ಕೊಟ್ಟಿಗಿ ಕೀಳಬೇಕಂತ. ನಾ ಏನೂ ಹೇಳಂಗಿಲ್ಲ, ನೀವ ಬಂದ್ ನೋಡ್ರಿ." ಹೋದೆ. ಶುಕ್ರವಾರ, ಮೂರು ಗಂಟೆ, ಕಾರ್ಖಾನೆ ಪೂರ್ತಿ ಓಡುತ್ತಿತ್ತು. ತಂತಿ ಬೇವಿನ ಕವಲಿಗೆ ಸರಿಯಾಗಿ ಬಂದು ಕೂತಂತೆ ಕಾಣುತ್ತಿತ್ತು. ಕಣ್ಣುಜ್ಜಿಕೊಂಡೆ, ಜಾಗ ಬದಲಿಸಿ ನಿಂತೆ. ಕೊನೆಗೆ ಅಳೆದೆ. ಕಣ್ಣಿನ ಭ್ರಮೆ ಉಪಕರಣಕ್ಕೂ ಅಂಟಿತ್ತು.

ಮರುದಿನ ಮೀಟಿಂಗಿನಲ್ಲಿ ಎದ್ದು ನಿಂತು, ದುಬಾರಿ ತಂತಿಯೇ ಬೇಕು ಎಂದೆ. ನಂಜುಂಡಯ್ಯ ಸಾರ್ ಡೈರಿ ತೆರೆದರು. "ನೋಡುವವರು ಒಂದೇ ಜಾಗದಲ್ಲಿ ನಿಂತಿರಲ್ಲ ಅಂದ್ಯಲ್ಲಮ್ಮ? ಮರ ಬೆಳೆಯುತ್ತೆ ಅಂದ್ಯಲ್ಲ?" ಒಂದೊಂದೇ ಅಂಶ ಬಂತು, ನಾನು ಹೇಳಿದ ಕ್ರಮದಲ್ಲೇ, ನನ್ನದೇ ಏರಿಳಿತದಲ್ಲಿ. ಹೊಸ ಅಳತೆ ಮುಂದಿಟ್ಟರೆ, "ಹಳೇ ಅಳತೆನೂ ನಿಂದೇ ಅಲ್ವೇನಮ್ಮ" ಎಂದರು. ಇಷ್ಟು ಗಟ್ಟಿಯಾದ ಎದುರಾಳಿ ನನಗೆ ಯಾವ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ. ಅಪ್ಪಟವಾಗಿ ಸೋತೆ. ಸೋತರೆ ಉಂಡು ಮಲಗಬಹುದೆಂಬ ನನ್ನ ಸಿದ್ಧಾಂತವೂ ಆ ದಿನ ಸುಳ್ಳಾಯಿತು. ಕೆಂಪು ಬಣ್ಣದ ಕಂಬ ಕಣ್ಣೆದುರು ನಿಂತಿತ್ತು.

ಬಾಗಿಲಲ್ಲಿ ನಿಂತಿದ್ದ ಹನುಮಪ್ಪ ಆಗ ಒಂದೇ ಮಾತು ಆಡಿದ: "ಸರ, ಸೋಮವಾರ ಮೂರಕ್ಕ ಗಂಗಮ್ಮಾರ ಮನಿಗೆ ಚಾ ಕುಡಿಯಾಕ ಬರ್ರಿ."

ಸಾರ್ ಬಂದರು. ಚಹಾ ಕುಡಿದರು. ಲೋಟದ ಮೇಲಿಂದ ಬೇವಿನ ಕವಲನ್ನು ನೋಡಿದರು, ತಂತಿಯನ್ನು ನೋಡಿದರು, ತಲೆ ತಗ್ಗಿಸಿ ಕೊಟ್ಟಿಗೆಯ ಶೀಟನ್ನು ನೋಡಿದರು. "ದುಬಾರೀದೇ ಹಾಕೋಣ. ಕಾರ್ಖಾನೆಯವರನ್ನ ನಾನು ಒಪ್ಪಿಸ್ತೀನಿ" ಎಂದು ಲೋಟ ಕೆಳಗಿಟ್ಟು ಕಾರಿನತ್ತ ನಡೆದರು. ಒಂದು ಲೋಟ ಚಹಾ ಮಾಡಿದ ಕೆಲಸಕ್ಕೆ ನಾನು ಇಡೀ ಒಂದು ಶನಿವಾರ ಗಂಟಲು ಹರಿದುಕೊಂಡಿದ್ದೆ.

ಲೋಟ ಎತ್ತಲು ಬಂದ ಗಂಗಮ್ಮ ಕಂಬದ ಬಣ್ಣವನ್ನೊಮ್ಮೆ ನೋಡಿ ಕೇಳಿದಳು: "ಅಂಗಾರೆ ಕೊಟ್ಟಿಗೆ ಉಳೀತದೇನವ್ವ?"

"ಅಕ್ಕ, ಇದನ್ನ ಎರಡು ರೀತಿಯಲ್ಲಿ ನೋಡ್ಬೌದು..." ಎಂದು ಎದ್ದು ನಿಂತು ಆರಂಭಿಸಿದೆ.

"ಮೇಡಂರ," ಎಂದ ಹನುಮಪ್ಪ, ಮೆಲ್ಲಗೆ.

"ಉಳಿಯುತ್ತೆ" ಎಂದೆ. ನನ್ನ ಜೀವಮಾನದ ಅತಿ ಚಿಕ್ಕ ಭಾಷಣ.

"ಇಷ್ಟೇಯಾ? ಇದ್ನ ಯೋಳಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?"

ಅದಕ್ಕೆ ನನ್ನ ಬಳಿ ಮೂರು ಅಂಶಗಳಿದ್ದವು. ಬಾಯಿ ತೆರೆಯುವಷ್ಟರಲ್ಲಿ ಕೊಟ್ಟಿಗೆಯ ಹಸು ನೊಣ ಓಡಿಸಲು ತಲೆ ಕೊಡವಿತು. ಅದರ ಕೊರಳ ಗಂಟೆ ಢಣ್ಣೆಂದಿತು. ಮೊದಲ ಸಲ, ಗಂಟೆ ಕೇಳಿದ ಕೂಡಲೇ ಕೂತೆ.